ಬಾಣಂತಿಯ ಹೆಸರಿಗೂ ಒಂದು ಚೀಟಿ ಮಾಡಿಸಿ

(ತಿಪಟೂರು ಕಡೆಯ ಓದುಗರೊಬ್ಬರ ಪತ್ರ: “ಮಗಳಿಗೆ ಸಿಸೇರಿಯನ್ ಆಗಿ ಐದು ವಾರವಾಯಿತು. ಬಸುರಿನ ಕೊನೆಯ ತಿಂಗಳು ಬಿಪಿ ಏರಿತ್ತು. ಆರು ವಾರಕ್ಕೆ ಬಂದು ತೋರಿಸಿ ಎಂದಿದ್ದಾರೆ ಡಾಕ್ಟರು. ಚೆನ್ನಾಗಿಯೇ ಇದ್ದಾಳಲ್ಲ, ಹಸಿ ಬಾಣಂತಿಯನ್ನು ಗಾಳಿಗೆ ಯಾಕೆ ಒಡ್ಡುತ್ತೀರಿ ಎನ್ನುತ್ತಾರೆ ಮನೆಯ ಹಿರಿಯರು. ಹೊಟ್ಟೆ ಬರುತ್ತದೆಂದು ದಿನಕ್ಕೆ ಎರಡೇ ಲೋಟ ನೀರು ಕೊಡುತ್ತಿದ್ದೇವೆ. ಅವಳು ಆಗಾಗ ಸುಮ್ಮನೆ ಅಳುತ್ತಾಳೆ. ಏನು ಮಾಡಲಿ?”)

ಅಮ್ಮಾ, ಸಂಚಿಕೆ ಅಚ್ಚಾಗಿ ಬರುವಷ್ಟರಲ್ಲಿ ತಡವಾದೀತೆಂದು ಈ ಉತ್ತರದ ಪ್ರತಿಯನ್ನು ನಿಮಗೆ ಅಂಚೆಯಲ್ಲೂ ಹಾಕಿದ್ದೇನೆ.

ಮೊದಲು ನೀರಿನ ಮಾತು. ಮಗಳಿಗೆ ಬಾಯಾರಿದಷ್ಟು ನೀರು ಇವತ್ತಿನಿಂದಲೇ ಕೊಡಿ. ಬೇಕಿದ್ದರೆ ಕಾಯಿಸಿ ಆರಿಸಿಯೇ ಕೊಡಿ. ಹೆರಿಗೆಯಾದ ಗಳಿಗೆಯಲ್ಲಿ ಹತ್ತಿರ ಹತ್ತಿರ ಒಂದು ಕಿಲೊ ತೂಗುವ ಗರ್ಭಕೋಶ ಆರು ವಾರದಲ್ಲಿ ನೂರು ಗ್ರಾಂಗಿಂತ ಕೆಳಗಿಳಿಯುತ್ತದೆ. ಅದು ತನ್ನ ಪಾಡಿಗೆ ನಡೆಯುವ ಕೆಲಸ, ಕುಡಿದ ನೀರಿಗೂ ಅದಕ್ಕೂ ನಂಟಿಲ್ಲ. ಕುಡಿಯಲು ನೀರು ಕೊಡದಿರುವುದರಿಂದ ಆಗುವ ಅಪಾಯವೇ ಬೇರೆ. ಹೆರಿಗೆಯ ನಂತರದ ವಾರಗಳಲ್ಲಿ ರಕ್ತ ಬೇಗ ಹೆಪ್ಪುಗಟ್ಟುತ್ತದೆ, ಮೈಯಲ್ಲಿ ನೀರಿಲ್ಲದಿದ್ದರೆ ಇನ್ನೂ ಬೇಗ. ಆ ಹೆಪ್ಪು ಮೆದುಳಿನ ರಕ್ತನಾಳಕ್ಕೆ ಅಡ್ಡವಾಗಿ ಫಿಟ್ಸ್ ಬಂದ, ಕೈಕಾಲು ಬಿದ್ದುಹೋದ ಬಾಣಂತಿಯರನ್ನು ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ದಶಕಗಳಿಂದ ಕಂಡಿದ್ದಾರೆ. ಉಳಿದ ಬಾಣಂತನಕ್ಕೆ ನನ್ನ ತಕರಾರಿಲ್ಲ. ಎಣ್ಣೆ ಒತ್ತಿ, ಬಿಸಿನೀರು ಹಾಕಿ, ಸಬ್ಬಸಿಗೆ ಸೊಪ್ಪು ತಿನ್ನಿಸಿ. ಕೊಬ್ಬರಿ ಹಾಕಿದ ಅಂಟಿನುಂಡೆಯ ವಿಷಯ ತಿಪಟೂರಿನವರಿಗೆ ನಾನೇನು ಹೇಳಲಿ!

“ಚೆನ್ನಾಗಿಯೇ ಇದ್ದಾಳಲ್ಲ” ಎಂಬ ಮಾತಿಗೆ ಬರುತ್ತೇನೆ. ಬಿಪಿ ಮುಖದ ಮೇಲೆ ಕಾಣುವುದಿಲ್ಲ. ಬಸುರಿನಲ್ಲಿ ಏರಿದ ಬಿಪಿ ಹೆರಿಗೆಯೊಂದಿಗೇ ಇಳಿದುಹೋಗುತ್ತದೆಂದು ನಾವು ನಂಬಿಕೊಂಡಿದ್ದೇವೆ. ಆದರೆ ಹೆರಿಗೆಯಾದ ಮೊದಲ ವಾರದಲ್ಲೇ ಅದು ಮತ್ತೆ ಏರುವುದುಂಟು, ವಾರಗಟ್ಟಲೆ ಹಾಗೇ ಉಳಿಯುವುದೂ ಉಂಟು. ಹೀಗೆ ಬಿಪಿ ಬಂದವರಿಗೆ ಮುಂದೆ ನಡುವಯಸ್ಸಿನಲ್ಲಿ ಬಿಪಿ, ಹೃದಯದ ಕಾಯಿಲೆ ಕಾಡುವ ಸಂಭವ ಉಳಿದವರಿಗಿಂತ ಹೆಚ್ಚು. ಡಾಕ್ಟರು ಆರು ವಾರಕ್ಕೆ ಕರೆದಿರುವುದು ಸುಮ್ಮನೆ ಅಲ್ಲ. ತಲೆ ಸಿಡಿಯುವಂಥ ನೋವು, ಕಣ್ಣು ಮಂಜಾಗುವುದು, ಏದುಸಿರು, ಜ್ವರ, ಒಂದೇ ಕಾಲು ಊದಿಕೊಳ್ಳುವುದು, ವಿಪರೀತ ರಕ್ತಸ್ರಾವ, ಇವುಗಳಲ್ಲಿ ಒಂದು ಕಂಡರೂ ಆರು ವಾರ ತುಂಬಲೆಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ.

ಕಳೆದ ವರ್ಷ ನನ್ನ ತಂಗಿಯ ಮಗಳ ಜೊತೆ ಒಂದು ಆರೋಗ್ಯ ಕೇಂದ್ರಕ್ಕೆ ಹೋಗಿದ್ದೆ. ಕೂಸಿಗೆ ಒಂದೂವರೆ ತಿಂಗಳ ಚುಚ್ಚುಮದ್ದು. ಕೂಸನ್ನು ತೂಗಿದರು, ಕಾರ್ಡಿನಲ್ಲಿ ಬರೆದರು, ತೊಡೆಗೆ ಚುಚ್ಚಿದರು, ಜ್ವರಕ್ಕೆ ಹನಿ ಕೊಟ್ಟು ಕಳುಹಿಸಿದರು. ಬಿಪಿ ನೋಡುವ ಯಂತ್ರ ಅದೇ ಮೇಜಿನ ಮೇಲಿತ್ತು, ರಿಜಿಸ್ಟರುಗಳ ಕೆಳಗೆ. ಅದರ ಪಟ್ಟಿ ಮಾತ್ರ ಹೊರಗೆ ಇಣುಕುತ್ತಿತ್ತು. ಸಾಲಿನಲ್ಲಿ ಹನ್ನೆರಡು ಮಂದಿ ಬಾಣಂತಿಯರು. ಒಬ್ಬಳ ತೋಳಿಗೂ ಅದನ್ನು ಸುತ್ತಲಿಲ್ಲ. ಆ ಸಿಸ್ಟರ್ ಕೆಟ್ಟವರೇನೂ ಆಗಿರಲಿಲ್ಲ. “ಇವಳದ್ದೂ ನೋಡಿ” ಎಂದಾಗ ನಗುತ್ತಲೇ ಎಳೆದುಕೊಂಡರು. ಯಾರೂ ಕೇಳಿರಲಿಲ್ಲ, ಅಷ್ಟೇ.

ನಿಮಗೆ ಇನ್ನೊಂದು ತೊಡಕಿದೆ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 42 ದಿನಗಳೊಳಗೆ ಆರು ಸಲ ಬರಬೇಕು: 3, 7, 14, 21, 28 ಮತ್ತು 42ನೇ ದಿನ. ಮಗಳ ಹೆಸರಿರುವುದು ಗಂಡನ ಊರಿನ ರಿಜಿಸ್ಟರಿನಲ್ಲಿ, ಮಗಳಿರುವುದು ನಿಮ್ಮ ಕೋಣೆಯಲ್ಲಿ. ತವರಿಗೆ ಬಂದ ಎಷ್ಟೋ ಬಾಣಂತಿಯರು ಹೀಗೆ ಎರಡೂ ಊರಿನ ಲೆಕ್ಕದಿಂದ ತಪ್ಪಿಹೋಗುತ್ತಾರೆ. ತಾಯಿ ಕಾರ್ಡ್ ಹಿಡಿದುಕೊಂಡು ನಿಮ್ಮೂರ ಆಶಾ ಅವರನ್ನು ನೀವೇ ಕಂಡು ಹೇಳಿ.

ಕಬ್ಬಿಣದ ಮಾತ್ರೆಯನ್ನೂ ವಿಚಾರಿಸಿ. ಹೆರಿಗೆಯ ನಂತರವೂ ದಿನಕ್ಕೊಂದರಂತೆ 180 ದಿನ ನುಂಗಬೇಕು, ಕ್ಯಾಲ್ಸಿಯಂ ಮಾತ್ರೆಯ ಜೊತೆಯಲ್ಲಿ ಬೇಡ, ಬೇರೆ ಹೊತ್ತಿನಲ್ಲಿ.

ಅಳುವಿನ ಮಾತನ್ನು ನೀವು ಕೊನೆಯಲ್ಲಿ ಬರೆದಿದ್ದೀರಿ, ಒಂದೇ ಸಾಲಿನಲ್ಲಿ. ನನಗೆ ಹೆಚ್ಚು ಚಿಂತೆಯಾದದ್ದು ಆ ಸಾಲಿನಿಂದ. ಹೆರಿಗೆಯಾದ ಮೂರು ನಾಲ್ಕು ದಿನಕ್ಕೆ ಕಣ್ಣೀರು ಬರುವುದು ಸಾಮಾನ್ಯ, ಎರಡು ವಾರದಲ್ಲಿ ಕಳೆಯುತ್ತದೆ. ಐದನೆಯ ವಾರದಲ್ಲೂ ಅಳು ನಿಂತಿಲ್ಲವೆಂದರೆ ಅದು ಚಿಕಿತ್ಸೆಯಿಂದ ವಾಸಿಯಾಗುವ ಖಿನ್ನತೆ ಇರಬಹುದು. ಮಗು ಮಲಗಿದಾಗ ಅವಳಿಗೂ ನಿದ್ದೆ ಬರುತ್ತದೆಯೇ? ಸಾಯುವ ಮಾತು ಬರುತ್ತದೆಯೇ? ಹತ್ತಿರ ಕುಳಿತು ಕೇಳಿ, ಬೈಯಬೇಡಿ. 14416 ಟೆಲಿ ಮಾನಸ್ ಸಹಾಯವಾಣಿ. ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ಸಾಯುವ ಮಾತು ಬಂದರೆ, ಅಥವಾ ಅರ್ಥವಿಲ್ಲದೆ ಏನೇನೋ ಮಾತನಾಡುತ್ತ ಇಲ್ಲದ್ದು ಕಾಣತೊಡಗಿದರೆ (ನಮ್ಮ ಹಿರಿಯರು ಬಾಣಂತಿ ಸನ್ನಿ ಎನ್ನುತ್ತಿದ್ದುದು ಇದನ್ನೇ) ಅವಳನ್ನು ಒಂಟಿಯಾಗಿ ಬಿಡದೆ ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಿರಿ.

ಮುಂದಿನ ವಾರ ಕೂಸಿನ ಚುಚ್ಚುಮದ್ದಿಗೆ ಹೇಗೂ ಆಟೊ ಹೇಳುತ್ತೀರಿ. ಗಾಳಿಯ ಭಯವಿದ್ದರೆ ಕಿವಿಗೆ ಹತ್ತಿ ಇಟ್ಟು, ತಲೆಗೆ ಸ್ಕಾರ್ಫ್ ಕಟ್ಟಿಯೇ ಕರೆದುಕೊಂಡು ಹೋಗಿ. ಅಲ್ಲಿ ಎರಡು ಚೀಟಿ ಮಾಡಿಸಿ. ಬಿಪಿ, ರಕ್ತದ ಅಂಶ, ಹೊಲಿಗೆ ಹಾಕಿದ ಜಾಗ ಮೂರನ್ನೂ ನೋಡಲಿ. ಅಳುವ ವಿಷಯವನ್ನೂ ಹೇಳಿ. ಬಸುರಿನಲ್ಲಿ ಸಕ್ಕರೆಯೂ ಏರಿತ್ತೇ ಎಂದು ನೀವು ಬರೆದಿಲ್ಲ. ಏರಿದ್ದರೆ ಆ ಪರೀಕ್ಷೆಯೂ ಈಗಲೇ ಆಗಬೇಕು.