ಊರಿಂದ ಬಂದ ಪುಡಿಯ ವಿಷಯ ಡಾಕ್ಟರಿಗೆ ಹೇಳಬೇಕಾ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಅತ್ತೆಗೆ 67 ವರ್ಷ. 11 ವರ್ಷದಿಂದ ಶುಗರ್ ಇದೆ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ತಗೊಳ್ಳುತ್ತಾರೆ. ದಿನಾ ಬೆಳಿಗ್ಗೆ ಒಂದು ಗ್ಯಾಸ್ ಮಾತ್ರೆಯೂ ಇದೆ. ನಾವು ಸಸ್ಯಾಹಾರಿಗಳು. ಆರು ತಿಂಗಳಿಂದ ಅವರಿಗೆ ಪಾದದಲ್ಲಿ ಜೋಮು, ಸೂಜಿ ಚುಚ್ಚಿದ ಹಾಗೆ ಆಗುತ್ತದೆ. ಡಾಕ್ಟರಿಗೆ ಹೇಳಿದರೆ "ವಯಸ್ಸಾಯ್ತಲ್ಲಮ್ಮ, ಶುಗರ್ ಇರೋರಿಗೆ ಇದು ಸಹಜ" ಅಂದರು. ನೆಂಟರೊಬ್ಬರು ಊರಿಂದ ಶುಗರ್‌ಗೆ ಅಂತ ಒಂದು ಪುಡಿ ತಂದುಕೊಟ್ಟಿದ್ದಾರೆ. ಎರಡು ತಿಂಗಳಿಂದ ಅದನ್ನು ತಿನ್ನುತ್ತಿದ್ದಾರೆ, ಶುಗರ್ ಚೆನ್ನಾಗಿ ಇಳಿದಿದೆ. ಆದರೆ ಲಾಲ್‌ಬಾಗಿನಲ್ಲಿ ವಾಕಿಂಗ್ ಮುಗಿಸಿ ಬರುವಾಗ ಕೆಲವು ದಿನ ಬೆವರುತ್ತಾರೆ, ಕೈ ನಡುಗುತ್ತದೆ. ಬೈತಾರೆ ಅನ್ನುವ ಭಯಕ್ಕೆ ಪುಡಿಯ ವಿಷಯ ಡಾಕ್ಟರಿಗೆ ಹೇಳಿಲ್ಲ. ಮಾತ್ರೆ ನಿಲ್ಲಿಸಿ ಪುಡಿಯನ್ನೇ ಮುಂದುವರಿಸಬಹುದಾ?
– ಬಸವನಗುಡಿಯ ಓದುಗರು

ಉತ್ತರ: ಮೊದಲು ಆ ಬೆವರು, ನಡುಕದ ವಿಷಯ. ಮಿಕ್ಕಿದ್ದೆಲ್ಲ ಆಮೇಲೆ.

ಅದನ್ನು ವಾಕಿಂಗ್‌ನ ಸುಸ್ತು ಅಂದುಕೊಳ್ಳಬೇಡಿ. ನೀವು ಬರೆದಿರುವುದನ್ನು ನೋಡಿದರೆ ಶುಗರ್ ತೀರಾ ಕೆಳಗೆ ಹೋಗುತ್ತಿರುವ ಹಾಗಿದೆ. ಮುಂದಿನ ಸಲ ಹಾಗಾದ ಕೂಡಲೇ ಮನೆಯ ಗ್ಲುಕೋಮೀಟರಿನಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರಿಲ್ಲ ಅಂದರೆ ಇನ್ನೊಮ್ಮೆ ಕೊಡಿ. ಆಮೇಲೆ ತಿಂಡಿ. ಮೀಟರ್ ಕೈಗೆ ಸಿಗದಿದ್ದರೆ ಕಾಯಬೇಡಿ, ಸಕ್ಕರೆ ನೀರು ಕೊಟ್ಟುಬಿಡಿ. ಪ್ರಜ್ಞೆ ತಪ್ಪಿದ್ದರೆ ಮಾತ್ರ ಬಾಯಿಗೆ ಏನೂ ಹಾಕಬಾರದು, 108ಕ್ಕೆ ಫೋನ್ ಮಾಡಿ.

ಯಾಕೆ ಹೀಗಾಗುತ್ತಿರಬಹುದು? ಗ್ಲಿಮೆಪಿರೈಡ್ ಮಾತ್ರೆ ಇನ್ಸುಲಿನ್ ಸುರಿಯುವಂತೆ ಮೇದೋಜೀರಕ ಗ್ರಂಥಿಗೆ ಒತ್ತಾಯ ಮಾಡುತ್ತದೆ. ಹೊಟ್ಟೆಯಲ್ಲಿ ಊಟ ಇದೆಯಾ ಇಲ್ಲವಾ ಅಂತ ಅದು ನೋಡುವುದಿಲ್ಲ. ಅದಕ್ಕೇ ಅದನ್ನು ತಿಂಡಿಯ ಜೊತೆ ತಗೊಳ್ಳಬೇಕು. ಅತ್ತೆಯವರು ಮಾತ್ರೆ ನುಂಗಿ ಖಾಲಿ ಹೊಟ್ಟೆಯಲ್ಲಿ ವಾಕಿಂಗ್ ಹೋಗುತ್ತಾರಾ, ಕೇಳಿ. ಪಾರ್ಕ್ ಗೇಟಿನ ಹತ್ತಿರ ಹಾಗಲಕಾಯಿ ಜ್ಯೂಸ್ ಕುಡಿಯುತ್ತಾರಾ, ಅದನ್ನೂ ಕೇಳಿ. ಮಾತ್ರೆ, ಖಾಲಿ ಹೊಟ್ಟೆ, ನಡಿಗೆ, ಜ್ಯೂಸ್, ಪುಡಿ ಎಲ್ಲ ಒಟ್ಟಿಗೆ ಸೇರಿದರೆ ಶುಗರ್ ಎಲ್ಲಿ ನಿಲ್ಲಬೇಕು ಹೇಳಿ? (ಜ್ಯೂಸಿನ ಮಾತು ಬಂತು, ಇದನ್ನೂ ಹೇಳಿಬಿಡುತ್ತೇನೆ. ಸೋರೆಕಾಯಿ ಜ್ಯೂಸ್ ಕಹಿ ಅನ್ನಿಸಿದರೆ ಒಂದು ಗುಟುಕೂ ಕುಡಿಯಬೇಡಿ. ಕಹಿ ಸೋರೆಕಾಯಿ ಪ್ರಾಣಕ್ಕೇ ಕುತ್ತು ತರಬಹುದು.)

ಇನ್ನು ಪುಡಿ. ನನಗೆ ಆಯುರ್ವೇದದ ಮೇಲೆ ಗೌರವ ಇದೆ, ಆಯುರ್ವೇದ ವೈದ್ಯರ ಜೊತೆ ಕೂತು ರೋಗಿಗಳನ್ನು ನೋಡುತ್ತೇನೆ. ಆದ್ದರಿಂದಲೇ ಗಟ್ಟಿಯಾಗಿ ಹೇಳುತ್ತೇನೆ: ಹೆಸರಿಲ್ಲದ ಪೊಟ್ಟಣವನ್ನು ಆಯುರ್ವೇದ ಅನ್ನಬೇಡಿ. ಲೈಸೆನ್ಸ್ ಇರುವ ಆಯುರ್ವೇದ ಔಷಧಿಯ ಡಬ್ಬಿಯ ಮೇಲೆ ತಯಾರಕರ ಹೆಸರು, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಒಳಗೆ ಏನೇನು ಹಾಕಿದ್ದಾರೆ ಅನ್ನುವ ಪಟ್ಟಿ ಇರುತ್ತದೆ. ನಿಮ್ಮ ಪೊಟ್ಟಣದಲ್ಲಿ ಅದ್ಯಾವುದೂ ಇಲ್ಲ ಅಂದರೆ ಇವತ್ತೇ ನಿಲ್ಲಿಸಿ. ಇಂಥ ಪುಡಿಗಳನ್ನು ಪರೀಕ್ಷೆ ಮಾಡಿದಾಗ ಅಲೋಪತಿ ಶುಗರ್ ಮಾತ್ರೆಯನ್ನೇ ಅರೆದು ಬೆರೆಸಿರುವುದು ಸಿಕ್ಕಿದೆ. ಸೀಸವೂ ಸಿಕ್ಕಿದೆ. ಶುಗರ್ "ಚೆನ್ನಾಗಿ ಇಳಿದಿದ್ದು" ಹೇಗೆ ಅಂತ ಈಗ ಯೋಚನೆ ಮಾಡಿ. ಆದರೆ ಪುಡಿಯನ್ನು ಎಸೆಯಬೇಡಿ, ಡಾಕ್ಟರಿಗೆ ತೋರಿಸಲು ಬೇಕು. ಆಯುರ್ವೇದವೇ ಬೇಕು ಅಂದರೆ ಮೆಜೆಸ್ಟಿಕ್ ಹತ್ತಿರ ಧನ್ವಂತರಿ ರಸ್ತೆಯಲ್ಲಿ ಸರ್ಕಾರಿ ಆಯುರ್ವೇದ ಆಸ್ಪತ್ರೆ ಇದೆ. ಓದಿದ ವೈದ್ಯರು ನೋಡುತ್ತಾರೆ, ಚೀಟಿ ಬರೆದು ಕೊಡುತ್ತಾರೆ. ಆ ಚೀಟಿಯನ್ನು ಶುಗರ್ ಡಾಕ್ಟರಿಗೆ ತೋರಿಸಬಹುದು. ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ. ಪ್ರಮಾಣ ಕಡಿಮೆ ಮಾಡಬೇಕಾಗಬಹುದು, ಅದನ್ನು ಡಾಕ್ಟರೇ ಹೇಳಲಿ. ಇದೇ ವಾರ ಹೋಗಿ.

ಪಾದದ ಜೋಮನ್ನು "ವಯಸ್ಸು" ಅಂತ ಬಿಟ್ಟುಬಿಡುವುದು ನನಗೆ ಒಪ್ಪಿಗೆ ಇಲ್ಲ. ಶುಗರಿನಿಂದಲೇ ನರಕ್ಕೆ ಪೆಟ್ಟಾಗಿರಬಹುದು, ನಿಜ. ಆದರೆ ನಿಮ್ಮ ಪತ್ರ ಓದುತ್ತಾ ಓದುತ್ತಾ ನನ್ನ ಮನಸ್ಸಿಗೆ ಬಂದದ್ದು ಬಿ12 ವಿಟಮಿನ್. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡರೆ ಕೆಲವರಲ್ಲಿ ಸಣ್ಣ ಕರುಳಿನ ಕೊನೆಯ ಭಾಗ ಬಿ12 ಸರಿಯಾಗಿ ಹೀರಿಕೊಳ್ಳುವುದಿಲ್ಲ. ಊಟದಲ್ಲಿರುವ ಬಿ12 ಬಿಡಿಸಿಕೊಳ್ಳಲು ಹೊಟ್ಟೆಯ ಆಮ್ಲ ಬೇಕು, ಗ್ಯಾಸ್ ಮಾತ್ರೆ ಅದನ್ನೇ ಕಡಿಮೆ ಮಾಡುತ್ತದೆ. ಸೊಪ್ಪು, ಕಾಳು, ಧಾನ್ಯಗಳಲ್ಲಿ ಬಿ12 ಇರುವುದೇ ಇಲ್ಲ. "ದಿನಾ ಹಾಲು, ಮೊಸರು ಇದೆಯಲ್ಲ" ಅನ್ನಬಹುದು. ಅದರಲ್ಲಿ ಸ್ವಲ್ಪ ಇದೆ. ಆದರೆ ಇವರಿಗೆ ಆ ಸ್ವಲ್ಪವೂ ಪೂರ್ತಿ ದಕ್ಕುತ್ತಿಲ್ಲದೆ ಇರಬಹುದು. ಬಿ12 ಕೊರತೆಯಿಂದಲೂ ಪಾದ ಹೀಗೇ ಜೋಮು ಹಿಡಿಯುತ್ತದೆ. ಬೇಗ ಗೊತ್ತಾದರೆ ಮಾತ್ರೆ ಅಥವಾ ಇಂಜೆಕ್ಷನ್‌ನಲ್ಲಿ ಸುಧಾರಿಸುತ್ತದೆ. ತಡ ಮಾಡಿದರೆ ನರಕ್ಕಾದ ಹಾನಿ ಹಾಗೇ ಉಳಿದುಬಿಡಬಹುದು. ಒಂದು ರಕ್ತ ಪರೀಕ್ಷೆ ಸಾಕು. ಪರೀಕ್ಷೆಗೆ ಮೊದಲೇ ಮೆಡಿಕಲ್ ಸ್ಟೋರಿನಿಂದ ಬಿ12 ಮಾತ್ರೆ ತಂದು ಶುರು ಮಾಡಬೇಡಿ, ರಿಪೋರ್ಟಿನಲ್ಲಿ ಕೊರತೆ ಮುಚ್ಚಿಹೋಗುತ್ತದೆ. ಆ ಗ್ಯಾಸ್ ಮಾತ್ರೆ ಇನ್ನೂ ಬೇಕಾ ಅಂತಲೂ ಕೇಳಿ. ಯಾವಾಗಲೋ ಹತ್ತು ದಿನಕ್ಕೆ ಬರೆದದ್ದು ಹತ್ತು ವರ್ಷ ನಡೆದಿರುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ.

ಈಗ ಬೈಗುಳದ ಭಯ. ಅದು ಸುಳ್ಳಲ್ಲ, ನನಗೆ ಅರ್ಥವಾಗುತ್ತದೆ. ಹೊರಗೆ ಮೂವತ್ತು ಜನ ಕಾಯುತ್ತಿರುತ್ತಾರೆ, ಒಳಗೆ ಐದು ನಿಮಿಷ ಸಿಗುತ್ತದೆ. ಅದಕ್ಕೇ ಮನೆಯಲ್ಲೇ ತಯಾರಾಗಿ ಹೋಗಿ. ಅತ್ತೆ ನುಂಗುವುದನ್ನೆಲ್ಲ, ಮಾತ್ರೆ, ಪುಡಿ, ಟಾನಿಕ್, ಕಷಾಯ ಯಾವುದನ್ನೂ ಬಿಡದೆ, ಒಂದು ಬ್ಯಾಗಿಗೆ ಹಾಕಿ. ಬೆವರಿದ ದಿನಗಳ ತಾರೀಖು, ಆಗಿನ ಶುಗರ್ ಒಂದು ಚೀಟಿಯಲ್ಲಿ ಬರೆಯಿರಿ. ಕೂತ ತಕ್ಷಣ ಮೊದಲ ಮಾತೇ ಹೀಗಿರಲಿ: "ಡಾಕ್ಟ್ರೇ, ಇವರಿಗೆ ಬೆಳಿಗ್ಗೆ ಲೋ ಶುಗರ್ ಆಗ್ತಿದೆ ಅನ್ಸುತ್ತೆ. ಎರಡು ತಿಂಗಳಿಂದ ಈ ಪುಡಿ ತಗೊಂಡಿದ್ದಾರೆ, ಮೊದಲೇ ಹೇಳಬೇಕಿತ್ತು." ಬೈದರೆ ಬೈಯಲಿ, ಅರ್ಧ ನಿಮಿಷ. ಪುಡಿಯ ವಿಷಯ ಗೊತ್ತಿಲ್ಲದೆ ಅವರು ಮಾತ್ರೆ ಹೆಚ್ಚುಕಡಿಮೆ ಮಾಡಿದರೆ ಏನಾಗಬಹುದು, ಅದೇ ನನಗೆ ದೊಡ್ಡ ಭಯ.

ಪಾದದ ವಿಷಯಕ್ಕೆ "ಬಿ12 ಟೆಸ್ಟ್ ಮಾಡ್ಸಿ" ಅಂತ ಹೇಳುವುದಕ್ಕಿಂತ "ಇದು ಬಿ12 ಕೊರತೆ ಅಲ್ಲ ಅಂತ ಹೇಗೆ ಗೊತ್ತಾಗುತ್ತೆ ಡಾಕ್ಟ್ರೇ?" ಅಂತ ಕೇಳಿ. ಜಗಳವಾಗುವುದಿಲ್ಲ, ಉತ್ತರವೂ ಸಿಗುತ್ತದೆ. ಚಪ್ಪಲಿ ಬಿಚ್ಚಿಸಿ ಪಾದ ನೋಡಿ ಅಂತಲೂ ಕೇಳಿಕೊಳ್ಳಿ. ತೆಳು ನೈಲಾನ್ ಎಳೆ ಮುಟ್ಟಿಸಿ, ಟ್ಯೂನಿಂಗ್ ಫೋರ್ಕ್ (ತಟ್ಟಿದರೆ ಕಂಪಿಸುವ ಲೋಹದ ಕವಲು) ಇಟ್ಟು ಸ್ಪರ್ಶ, ಕಂಪನ ಎಷ್ಟು ತಿಳಿಯುತ್ತದೆ ಅಂತ ನೋಡಲು ಎರಡು ನಿಮಿಷ ಸಾಕು.

ಇಷ್ಟಾದರೂ ಕಿವಿಗೊಡದಿದ್ದರೆ ಇನ್ನೊಬ್ಬ ಡಾಕ್ಟರ ಹತ್ತಿರ ಹೋಗಿ. ಅದು ದ್ರೋಹ ಅಲ್ಲ, ನಿಮ್ಮ ಹಕ್ಕು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲೇ ಇದು ಇದೆ. ಹಳೆಯ ದಾಖಲೆಗಳನ್ನೂ ಕೇಳಿ ಪಡೆಯಿರಿ. ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರ ನಡವಳಿಕೆಯ 2002ರ ನಿಯಮಾವಳಿ ಹೇಳುತ್ತದೆ.

ಪ್ರಶ್ನೆ: ನಮ್ಮ ಯಜಮಾನರಿಗೆ ಶುಗರ್. ಅಕ್ಕಿ ಬಿಡಿಸಿ ಬೆಳಿಗ್ಗೆ, ರಾತ್ರಿ ರಾಗಿ ಗಂಜಿ ಕೊಡುತ್ತಿದ್ದೇನೆ. ಆದರೂ ಶುಗರ್ ಇಳಿಯುತ್ತಿಲ್ಲ, ಯಾಕೆ?
– ವಿಜಯನಗರದ ಓದುಗರು

ಉತ್ತರ: ರಾಗಿ ಒಳ್ಳೆಯದೇ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, ಅಕ್ಕಿ ಅದರ ಹತ್ತಿರವೂ ಬರುವುದಿಲ್ಲ. ಆದರೆ ರಾಗಿಯಲ್ಲೂ ಹೆಚ್ಚಿನ ಪಾಲು ಪಿಷ್ಟವೇ. ನುಣ್ಣಗೆ ಬೀಸಿ, ತೆಳ್ಳಗೆ ಕುದಿಸಿ ಕುಡಿದರೆ ಅಗಿಯುವ ಕೆಲಸವೇ ಇಲ್ಲ, ಬೇಗ ರಕ್ತಕ್ಕೆ ಸೇರುತ್ತದೆ. ಗಂಜಿ ಬಿಟ್ಟು ಒಂದು ಸಣ್ಣ ಮುದ್ದೆ ಮಾಡಿ, ಜೊತೆಗೆ ಸೊಪ್ಪಿನ ಬಸ್ಸಾರು, ಒಂದು ಬಟ್ಟಲು ಹುರುಳಿ ಅಥವಾ ಅವರೆಕಾಳು ಇರಲಿ. ಪಲ್ಯ, ಕಾಳು ಮೊದಲು ತಿಂದು ಆಮೇಲೆ ಮುದ್ದೆಗೆ ಕೈ ಹಾಕಲಿ. ಊಟ ಆದ ಮೇಲೆ ಟೀವಿ ಮುಂದೆ ಕೂರುವ ಬದಲು ಬೀದಿಯಲ್ಲಿ ಹದಿನೈದು ನಿಮಿಷ ನಡೆಯಲಿ.

ನನ್ನ ಮಾತನ್ನು ಸುಮ್ನೆ ನಂಬಬೇಡಿ, ನೀವೇ ಅಳೆದು ನೋಡಿ. ಒಂದು ದಿನ ಗಂಜಿ ಕುಡಿಯುವ ಮೊದಲು, ಎರಡು ಗಂಟೆ ಆದ ಮೇಲೆ ಶುಗರ್ ನೋಡಿ ಬರೆದಿಡಿ. ಇನ್ನೊಂದು ದಿನ ಅದೇ ಹೊತ್ತಿಗೆ ಮುದ್ದೆ, ಕಾಳು ಕೊಟ್ಟು ಹಾಗೇ ನೋಡಿ. ಡಾಕ್ಟರ ಹತ್ತಿರ ಹೋಗುವಾಗ ಆ ನಾಲ್ಕು ಅಂಕಿಗಳನ್ನು ತಗೊಂಡು ಹೋಗಿ.