ಸಂಪಾದಕರ ಉತ್ತರ: ಸಂತಾಲರಿಗೆ ತಮ್ಮದೇ ಲಿಪಿ ಏಕೆ?

ಮಾನ್ಯರೇ,

ಸಂತಾಲ ಬುಡಕಟ್ಟಿನ ನುಡಿಯಾದ ಸಂತಾಲಿಯ ವಿಕಿಪೀಡಿಯ ಕುರಿತ ನಮ್ಮ ಲೇಖನವನ್ನು ಓದಿ, ದೇವನಾಗರಿ, ಬಂಗಾಳಿ ಲಿಪಿಗಳು ಕೈಗೆಟಕುವಂತಿರುವಾಗ ಅಂತರಜಾಲದಲ್ಲಿ ಸಂತಾಲಿಗೆಂದೇ ರೂಪಿಸಿದ ಓಲ್ ಚಿಕಿ ಲಿಪಿಯಲ್ಲೇ ಬರೆಯುತ್ತೇವೆಂದು ಹಟ ಹಿಡಿದರೆ ಆ ಸಮುದಾಯ ಮುಖ್ಯವಾಹಿನಿಯಿಂದ ಇನ್ನಷ್ಟು ದೂರ ಸರಿಯುವುದಿಲ್ಲವೇ ಎಂದು ಮಂಗಳೂರಿನಿಂದ ತಾವು ಕೇಳಿದ್ದೀರಿ. ತಮ್ಮ ಕಾಳಜಿ ಅರ್ಥವಾಗುತ್ತದೆ. ಅಭಿಪ್ರಾಯವನ್ನು ಮಾತ್ರ ಒಪ್ಪಲಾರೆ.

2011ರ ಜನಗಣತಿಯಂತೆ ದೇಶದಲ್ಲಿ ಸಂತಾಲಿ ನುಡಿಯುವವರು 73 ಲಕ್ಷಕ್ಕೂ ಹೆಚ್ಚು. ಜಾರ್ಖಂಡ್, ಪಶ್ಚಿಮ ಬಂಗಾಳ, ಒಡಿಶಾ, ಬಿಹಾರ, ಅಸ್ಸಾಮ್‌ಗಳಲ್ಲಿ ಹಂಚಿಹೋದ ಇವರಲ್ಲಿ ಹೆಚ್ಚಿನವರು ಶಾಲೆಯಲ್ಲಿ ಕಲಿತದ್ದು ಆಯಾ ರಾಜ್ಯದ ಲಿಪಿಯನ್ನು. ಹೀಗಾಗಿ ಒಡಿಯಾ ಲಿಪಿಯಲ್ಲಿ ಬರೆದ ಸಂತಾಲಿ ಜಾರ್ಖಂಡ್‌ನ ದುಮ್ಕಾದ ಓದುಗನಿಗೆ ದಕ್ಕುವುದಿಲ್ಲ, ಮಾತು ಇಬ್ಬರದೂ ಒಂದೇ ಆಗಿದ್ದರೂ. ಒಡಿಶಾದ ಮಯೂರ್‌ಭಂಜ್‌ನ ಪಂಡಿತ ರಘುನಾಥ ಮುರ್ಮು 1925ರಲ್ಲಿ ರೂಪಿಸಿದ ಓಲ್ ಚಿಕಿಯಲ್ಲಿ 30 ಅಕ್ಷರಗಳಿವೆ. ಸ್ವರಗಳನ್ನೂ ಬಿಡಿಯಾಗಿಯೇ ಬರೆಯುವುದರಿಂದ ಕಾಗುಣಿತ, ಒತ್ತಕ್ಷರಗಳ ಗೊಡವೆಯಿಲ್ಲ. ಪದದ ಕೊನೆಯಲ್ಲಿ ಉಸಿರನ್ನು ಹೊರಬಿಡದೆ ತಡೆದು ನುಡಿಯುವ ವ್ಯಂಜನಗಳಿಗೂ ಅಲ್ಲಿ ಸ್ಥಾನವಿದೆ. ದೇವನಾಗರಿಯಲ್ಲಿ ಇವಕ್ಕೆ ಸಿದ್ಧ ಅಕ್ಷರಗಳಿಲ್ಲ.

ಈ ಲಿಪಿ 2008ರಲ್ಲಿ ಯೂನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರುಗಳೂ ಅಕ್ಷರಗಳನ್ನು ಒಂದೇ ರೀತಿ ಗುರುತಿಸುವಂತೆ ಮಾಡುವ ಸಂಕೇತ ವ್ಯವಸ್ಥೆಗೆ ಸೇರಿತು. ಕಳಿಸಿದವರ ಫಾಂಟ್ ನಮ್ಮಲ್ಲಿಲ್ಲದಿದ್ದರೆ ಕನ್ನಡದ ಕಡತ ಅರ್ಥವಾಗದ ಚಿಹ್ನೆಗಳ ರಾಶಿಯಾಗಿ ತೆರೆದುಕೊಳ್ಳುತ್ತಿದ್ದ ಕಾಲವನ್ನು ಬಲ್ಲವರಿಗೆ ಇದರ ಬೆಲೆ ತಿಳಿದೀತು. 2018ರ ಆಗಸ್ಟ್‌ನಲ್ಲಿ ಸಂತಾಲಿ ವಿಕಿಪೀಡಿಯ ಆರಂಭವಾಯಿತು. ಅದಕ್ಕೂ ಬಹಳ ಹಿಂದೆ ನಾರ್ವೆಯ ಮಿಷನರಿ ಬೋಡಿಂಗ್ 1929ರಿಂದ 1936ರ ನಡುವೆ ಐದು ಸಂಪುಟಗಳ ಸಂತಾಲಿ ನಿಘಂಟನ್ನು ಹೊರತಂದರು. ಅದು ಅಮೂಲ್ಯ ಕೃತಿ, ಸಂಶಯವಿಲ್ಲ. ಆದರೆ ಯಾವುದನ್ನು ದಾಖಲಿಸಬೇಕು, ಹೇಗೆ ವಿವರಿಸಬೇಕು ಎಂಬ ಕೊನೆಯ ಮಾತು ಅವರದಾಗಿತ್ತು. ಇಂದು ವಿಕಿಪೀಡಿಯದಲ್ಲಿ ತಮ್ಮ ವಸಂತದ ಬಾಹಾ ಹಬ್ಬದ ಬಗ್ಗೆಯೋ ಬ್ರಿಟಿಷರ ವಿರುದ್ಧದ 1855ರ ಹೂಲ್ ಬಂಡಾಯದ ಬಗ್ಗೆಯೋ ಬರೆಯುವಾಗ ಆ ತೀರ್ಮಾನ ಸಂತಾಲರ ಕೈಯಲ್ಲೇ ಇದೆ, ತಪ್ಪು ಕಂಡರೆ ತಿದ್ದುವವರೂ ಅವರೇ. ಇದನ್ನು ಹಟವೆನ್ನಲು ನನಗೆ ಮನಸ್ಸು ಬಾರದು.

ಮುಖ್ಯವಾಹಿನಿಯ ಮಾತಿಗೆ ಬಂದರೆ, ಓಲ್ ಚಿಕಿ ಕಲಿತವರು ಹಿಂದಿಯನ್ನೋ ಬಂಗಾಳಿಯನ್ನೋ ಬಿಟ್ಟುಕೊಡಬೇಕಾಗಿಲ್ಲ. ಎಲ್ಲ ಸಂತಾಲರೂ ಓಲ್ ಚಿಕಿಯ ಪರವೆಂದೂ ಭಾವಿಸಬೇಕಿಲ್ಲ: ರೋಮನ್ ಲಿಪಿಯೇ ತಮಗೆ ಒಗ್ಗಿದ್ದೆನ್ನುವವರು, ಮುಖ್ಯವಾಗಿ ಕ್ರೈಸ್ತ ಸಂತಾಲರಲ್ಲಿ, ಗಣನೀಯವಾಗಿದ್ದಾರೆ, ಅವರ ವಾದಕ್ಕೂ ನೂರು ವರ್ಷ ಮೀರಿದ ಹಿನ್ನೆಲೆಯಿದೆ. ತಮ್ಮ ಮಂಗಳೂರಿನ ನುಡಿಯನ್ನೇ ನೋಡಿ. 2016ರಲ್ಲಿ ಆರಂಭವಾದ ತುಳು ವಿಕಿಪೀಡಿಯ ಕನ್ನಡ ಲಿಪಿಯಲ್ಲಿದೆ. 2024ರಲ್ಲಿ ತುಳುವಿನ ಹಳೆಯ ಲಿಪಿಯಾದ ತುಳು-ತಿಗಳಾರಿಗೂ ಯೂನಿಕೋಡ್‌ನಲ್ಲಿ ಜಾಗ ಸಿಕ್ಕಿದೆ. ಇನ್ನು ಮುಂದೆ ಯಾವ ಲಿಪಿಯಲ್ಲಿ ಬರೆಯಬೇಕೆಂಬುದನ್ನು ತುಳುವರೇ ತಮ್ಮೊಳಗೆ ಚರ್ಚಿಸಿ ನಿರ್ಧರಿಸಲಿ ಎಂದು ತಾವೂ ಬಯಸುವಿರೆಂದು ನಂಬಿದ್ದೇನೆ.

— ಸಂಪಾದಕ