ಅಸರ್ಟ್ ವಿಫಲವಾಗುವುದನ್ನೇ ಪರೀಕ್ಷಿಸುವುದು ಹೇಗೆ?

ಪ್ರಶ್ನೆ: ಸಿ ಪ್ಲಸ್ ಪ್ಲಸ್‌ನಲ್ಲಿ ಒಂದು ಕ್ಯೂ ಕ್ಲಾಸ್ ಬರೆದಿದ್ದೇನೆ. ಖಾಲಿ ಕ್ಯೂ ಮೇಲೆ ಯಾರೂ ಪಾಪ್ (ಕ್ಯೂನ ಮೊದಲ ಅಂಶವನ್ನು ತೆಗೆಯುವ ಫಂಕ್ಷನ್) ಕರೆಯಬಾರದೆಂದು ಆ ಫಂಕ್ಷನ್ನಿನ ಮೊದಲ ಸಾಲಿನಲ್ಲೇ, ಷರತ್ತು ನಿಜವೇ ಎಂದು ನೋಡುವ ಅಸರ್ಟ್ ಇಟ್ಟಿದ್ದೇನೆ. ಗೂಗಲ್‌ಟೆಸ್ಟ್ ಎಂಬ ಟೆಸ್ಟ್ ಲೈಬ್ರರಿ ಬಳಸಿ ಇದನ್ನು ಪರೀಕ್ಷಿಸಹೋದರೆ, ಅಸರ್ಟ್ ವಿಫಲವಾದೊಡನೆ ಇಡೀ ಟೆಸ್ಟ್ ಪ್ರೋಗ್ರಾಮೇ ನಿಂತುಹೋಗುತ್ತದೆ. ಟ್ರೈ-ಕ್ಯಾಚ್ ಹಾಕಿದರೂ ಪ್ರಯೋಜನವಾಗಲಿಲ್ಲ. ಏನು ಮಾಡಬೇಕು?

ಉತ್ತರ: ಟ್ರೈ-ಕ್ಯಾಚ್‌ಗೆ ಸಿಗುವುದು ಎಕ್ಸೆಪ್ಶನ್ ಮಾತ್ರ, ಅಸರ್ಟ್ ಎಕ್ಸೆಪ್ಶನ್ ಎಸೆಯುವುದಿಲ್ಲ. ಷರತ್ತು ಸುಳ್ಳಾದಾಗ ಅದು ಆ ಷರತ್ತು, ಫೈಲಿನ ಹೆಸರು ಮತ್ತು ಸಾಲಿನ ಸಂಖ್ಯೆಯನ್ನು ಸ್ಟ್ಯಾಂಡರ್ಡ್ ಎರರ್‌ಗೆ ಮುದ್ರಿಸಿ ಅಬಾರ್ಟ್ ಫಂಕ್ಷನ್ನನ್ನು ಕರೆಯುತ್ತದೆ, ಅದರಿಂದ ಸಿಗ್‌ಅಬಾರ್ಟ್ ಸಿಗ್ನಲ್ ಹುಟ್ಟಿ ಪ್ರೋಸೆಸ್ ಕೊನೆಗೊಳ್ಳುತ್ತದೆ. ಲಿನಕ್ಸ್‌ನಲ್ಲಿ ಈ ಸಿಗ್ನಲ್ಲಿನ ಸಂಖ್ಯೆ 6. ನಿಮ್ಮ ಟರ್ಮಿನಲ್ಲಿನಲ್ಲಿ ಎಗ್ಸಿಟ್ ಕೋಡ್ 134 ಎಂದು ಕಂಡಿದ್ದರೆ ಅದು 128ಕ್ಕೆ ಈ 6 ಕೂಡಿ ಬಂದದ್ದು.

ಪ್ರೋಸೆಸ್ ಸಾಯುವುದನ್ನು ತಪ್ಪಿಸಲಾಗದು ಎಂದಾದ ಮೇಲೆ ಸಾಯುವ ಪ್ರೋಸೆಸ್ ಬೇರೆಯದಾಗಿರುವಂತೆ ನೋಡಿಕೊಳ್ಳಬೇಕು. ಗೂಗಲ್‌ಟೆಸ್ಟ್‌ನ ಡೆತ್ ಟೆಸ್ಟ್ ಮಾಡುವುದು ಇದನ್ನೇ. ಎಕ್ಸ್‌ಪೆಕ್ಟ್_ಡೆತ್ ಮ್ಯಾಕ್ರೋಗೆ ನೀವು ಕೊಟ್ಟ ಹೇಳಿಕೆಯನ್ನು ಅದು ಚೈಲ್ಡ್ ಪ್ರೋಸೆಸ್‌ನಲ್ಲಿ ನಡೆಸಿ, ಆ ಪ್ರೋಸೆಸ್ ಸತ್ತಿತೇ, ಸಾಯುವಾಗ ಸ್ಟ್ಯಾಂಡರ್ಡ್ ಎರರ್‌ಗೆ ಬರೆದ ಸಂದೇಶ ನೀವು ಕೊಟ್ಟ ರೆಗ್ಯುಲರ್ ಎಕ್ಸ್‌ಪ್ರೆಶನ್ನಿಗೆ (ಪಠ್ಯದ ಮಾದರಿಗೆ) ಹೊಂದುತ್ತದೆಯೇ ಎಂಬುದನ್ನು ಮೂಲ ಪ್ರೋಸೆಸ್‌ನಿಂದ ನೋಡುತ್ತದೆ. ಈ ಎರಡನೆಯ ಆರ್ಗ್ಯುಮೆಂಟನ್ನು ಅನೇಕರು ಖಾಲಿ ಬಿಡುತ್ತಾರೆ, ಅದು ಸರಿಯಲ್ಲ: ಖಾಲಿ ಬಿಟ್ಟರೆ ಯಾವ ಕಾರಣದ ಸಾವಾದರೂ ಸಾಕು, ಅಂದರೆ ನಿಮ್ಮ ಅಸರ್ಟನ್ನು ಯಾರೋ ಅಳಿಸಿದ್ದು, ಅದರ ಮುಂದಿನ ಸಾಲಿನಲ್ಲಿ ಸೆಗ್ಮೆಂಟೇಶನ್ ಫಾಲ್ಟ್ ಆದರೂ ಟೆಸ್ಟ್ ಪಾಸ್ ಆಗುತ್ತದೆ. ಷರತ್ತಿನ ಒಂದು ತುಣುಕನ್ನು ಅಲ್ಲಿ ಬರೆಯಿರಿ; ಅದರಲ್ಲಿ ಆವರಣ ಚಿಹ್ನೆಗಳಿದ್ದರೆ ಬ್ಯಾಕ್‌ಸ್ಲ್ಯಾಶ್ ಹಾಕಿ ಎಸ್ಕೇಪ್ ಮಾಡಲು ಮರೆಯಬೇಡಿ.

ಚೈಲ್ಡ್ ಪ್ರೋಸೆಸ್‌ನಲ್ಲಿ ಬದಲಾದ ವೇರಿಯಬಲ್ಲುಗಳು ಮೂಲ ಪ್ರೋಸೆಸ್‌ನಲ್ಲಿ ಬದಲಾಗುವುದಿಲ್ಲವೆಂಬುದನ್ನು ನೆನಪಿಡಿ. ಥ್ರೆಡ್‌ಗಳು ಓಡುತ್ತಿರುವಾಗ ಫೋರ್ಕ್ ಮಾಡುವುದು (ಚೈಲ್ಡ್ ಪ್ರೋಸೆಸ್ ಹುಟ್ಟಿಸುವುದು) ಅಪಾಯಕಾರಿಯಾದ್ದರಿಂದ ಟೆಸ್ಟ್ ಸೂಟಿನ ಹೆಸರನ್ನು ಡೆತ್‌ಟೆಸ್ಟ್ ಎಂದು ಕೊನೆಗೊಳಿಸಿ, ಆಗ ಗೂಗಲ್‌ಟೆಸ್ಟ್ ಅದನ್ನು ಮಿಕ್ಕ ಸೂಟುಗಳಿಗಿಂತ ಮೊದಲೇ ನಡೆಸುತ್ತದೆ.

ನಿಮಗೆ ಮುಂದೆ ನಿಜವಾಗಿ ತೊಂದರೆ ಕೊಡುವುದು ಎನ್‌ಡೀಬಗ್. ಈ ಮ್ಯಾಕ್ರೋ ಇದ್ದರೆ ಅಸರ್ಟ್‌ಗಳೆಲ್ಲ ಕಂಪೈಲ್ ಹಂತದಲ್ಲೇ ಮಾಯವಾಗುತ್ತವೆ, ಮತ್ತು ಬಿಲ್ಡ್ ಸಾಧನವಾದ ಸಿಮೇಕ್‌ನ ರಿಲೀಸ್ ಬಿಲ್ಡ್ ಮಾತ್ರವಲ್ಲ, ರೆಲ್‌ವಿತ್‌ಡೆಬ್‌ಇನ್ಫೋ ಕೂಡ ಸಾಮಾನ್ಯವಾಗಿ ಇದನ್ನು ತಾನಾಗಿಯೇ ಸೇರಿಸುತ್ತದೆ. ಹೀಗಾಗಿ ನಿಮ್ಮ ಲ್ಯಾಪ್‌ಟಾಪಿನಲ್ಲಿ ಪಾಸಾದ ಡೆತ್ ಟೆಸ್ಟ್, ಬಿಲ್ಡ್ ಸರ್ವರಿನಲ್ಲಿ ಪ್ರೋಸೆಸ್ ಸಾಯಲಿಲ್ಲವೆಂದು ದೂರುತ್ತದೆ. ಇದಕ್ಕೆಂದೇ ಎಕ್ಸ್‌ಪೆಕ್ಟ್_ಡೀಬಗ್_ಡೆತ್ ಇದೆಯಾದರೂ ನಾನು ಅದನ್ನು ಇಲ್ಲಿ ಸೂಚಿಸಲಾರೆ. ಎನ್‌ಡೀಬಗ್ ಇದ್ದಾಗ ಅದು ಹೇಳಿಕೆಯನ್ನು ಮೂಲ ಪ್ರೋಸೆಸ್‌ನಲ್ಲೇ ಸುಮ್ಮನೆ ನಡೆಸಿಬಿಡುತ್ತದೆ, ಕಾವಲಿಲ್ಲದ ನಿಮ್ಮ ಪಾಪ್ ಆಗ ಖಾಲಿ ಕ್ಯೂನಿಂದ ಏನನ್ನು ಓದೀತೋ ಭಾಷೆಯ ನಿಯಮಗಳೂ ಹೇಳುವುದಿಲ್ಲ. ಎನ್‌ಡೀಬಗ್ ಇದ್ದಾಗ ಆ ಟೆಸ್ಟನ್ನೇ ಬಿಟ್ಟುಬಿಡುವಂತೆ ಬರೆದು, ಸರ್ವರಿನಲ್ಲಿ ಡೀಬಗ್ ಬಿಲ್ಡ್ ಒಂದನ್ನೂ ತಪ್ಪದೆ ನಡೆಸುವುದು ಲೇಸು.

ಅಸರ್ಟ್ ಬದಲು ಸ್ವಂತ ಮ್ಯಾಕ್ರೋ ಬರೆದು, ಟೆಸ್ಟ್ ಬಿಲ್ಡಿನಲ್ಲಿ ಅದು ಎಕ್ಸೆಪ್ಶನ್ ಎಸೆಯುವಂತೆ ಮಾಡುವ ದಾರಿಯೂ ಇದೆ. ಅದು ವೇಗದ ದಾರಿ, ಫೋರ್ಕ್ ಬೇಕಿಲ್ಲ. ಆದರೆ ನೋಎಕ್ಸೆಪ್ಟ್ (ಎಕ್ಸೆಪ್ಶನ್ ಹೊರಬಿಡುವುದಿಲ್ಲ) ಎಂದು ಗುರುತಿಸಿದ ಫಂಕ್ಷನ್ನಿನಿಂದ ಎಕ್ಸೆಪ್ಶನ್ ಹೊರಬಿದ್ದರೆ ಟರ್ಮಿನೇಟ್ ಆಗಿ ಮತ್ತೆ ಮೊದಲಿನ ಗತಿಯೇ. ಸಿ ಪ್ಲಸ್ ಪ್ಲಸ್ 11ರಿಂದ ಡಿಸ್ಟ್ರಕ್ಟರ್‌ಗಳು ಸಾಮಾನ್ಯವಾಗಿ ಕೇಳದೆಯೇ ಈ ಗುಂಪಿಗೆ ಸೇರುತ್ತವೆ.

ಇಷ್ಟಾಗಿ, ಪ್ರತಿ ಅಸರ್ಟ್‌ಗೂ ಡೆತ್ ಟೆಸ್ಟ್ ಬೇಕಿಲ್ಲ. ಕ್ಲಾಸನ್ನು ಬಳಸುವವರಿಗೆ ನೀವು ವಿಧಿಸಿದ ಷರತ್ತಾದರೆ, ನಿಮ್ಮ ಪಾಪ್‌ನಂತೆ, ಬರೆಯಿರಿ. ಒಳಗಿನ ಲೆಕ್ಕಾಚಾರವನ್ನು ಕಾಯುವ ಅಸರ್ಟ್‌ಗಳು ಉಳಿದ ಟೆಸ್ಟುಗಳು ನಡೆಯುವಾಗ ತಾವೇ ಕೆಲಸ ಮಾಡುತ್ತವೆ.

ಪ್ರಶ್ನೆ: ಜಾವಾದಲ್ಲಿ ಅಸರ್ಶನ್‌ಎರರನ್ನು ಕ್ಯಾಚ್ ಮಾಡಬಹುದಲ್ಲವೇ? ಅಲ್ಲಿ ಈ ತೊಡಕಿಲ್ಲ ಎನ್ನಬಹುದೇ?

ಉತ್ತರ: ಪ್ರೋಸೆಸ್ ಸಾಯುವ ತೊಡಕಿಲ್ಲ, ಇನ್ನೊಂದಿದೆ. ಜಾವಾದ ಟೆಸ್ಟ್ ಲೈಬ್ರರಿಯಾದ ಜೆಯುನಿಟ್‌ನ ಫೇಲ್ ಮೆಥಡ್ ಎಸೆಯುವುದೂ ಅಸರ್ಶನ್‌ಎರರನ್ನೇ. ಆದ್ದರಿಂದ ಟ್ರೈ ಒಳಗೆ ಕೋಡನ್ನು ಕರೆದು, ಅದರ ಕೆಳಗೆ ಫೇಲ್ ಬರೆದು, ಅಸರ್ಶನ್‌ಎರರನ್ನು ಕ್ಯಾಚ್ ಮಾಡಿದರೆ ಫೇಲ್ ಎಸೆದದ್ದೂ ಅದೇ ಕ್ಯಾಚ್‌ಗೆ ಬಿದ್ದು, ಕೋಡಿನಲ್ಲಿ ಅಸರ್ಟ್ ಇರಲಿ ಬಿಡಲಿ ಟೆಸ್ಟ್ ಪಾಸಾಗುತ್ತಲೇ ಇರುತ್ತದೆ. ಅಸರ್ಟ್‌ಥ್ರೋಸ್ ಬಳಸಿ. ಜಾವಾದ ಅಸರ್ಟ್ ಮೂಲತಃ ನಿಷ್ಕ್ರಿಯವಾಗಿರುತ್ತದೆ, ಇಎ ಆಯ್ಕೆ ಕೊಟ್ಟರೆ ಮಾತ್ರ ಚಾಲೂ ಆಗುತ್ತದೆ. ಜಾವಾ ಬಿಲ್ಡ್ ಸಾಧನವಾದ ಮೇವನ್‌ನ ಶ್ಯೂರ್‌ಫೈರ್ ಪ್ಲಗಿನ್ ಟೆಸ್ಟ್ ನಡೆಸುವಾಗ ಅದನ್ನು ತಾನೇ ಚಾಲೂ ಮಾಡುವುದರಿಂದ, ಟೆಸ್ಟಿನಲ್ಲಿ ಕಂಡ ತಡೆ ಗ್ರಾಹಕರ ಸರ್ವರಿನಲ್ಲೂ ಇದೆಯೆಂದು ಭಾವಿಸಬೇಡಿ.